ಏಳನೆಯ ಗೆರೆ

ಸುಲೇಪೇಟ
11 ಜೂನ್ 2023
ಹವಾ: ಬೆಳಿಗ್ಗೆಯಿಂದ ಮೋಡ. ಉಪಕರಣ: ನೀಲಿ ಪೆನ್ನು.

ರಾಜೇಶ್ವರಿ,

ಫೀಲ್ಡ್ ಬುಕ್ಕಿನ ಹಾಗೆ ಪತ್ರ ಶುರುಮಾಡಿದ್ದಕ್ಕೆ ನಗಬೇಡ. ಮೂವತ್ತೊಂದು ವರ್ಷ ಸುಣ್ಣದ ಕಲ್ಲಿನ ಖಣಿಯಲ್ಲಿ ಅಳತೆ ಬರೆದ ಕೈ ಇದು. ಹವಾ, ಉಪಕರಣ ಬರೆಯದೆ ಮುಂದಕ್ಕೆ ಹೋಗುವುದಿಲ್ಲ. ಫೋನ್ ಮಾಡಬೇಡ ಎಂದು ನಾನೇ ಹೇಳಿದ್ದು. ಕಲ್ಲಿಗೆ ಸಿಡಿಮದ್ದು ಹಾರಿಸುವ ಸಪ್ಪಳ ನನ್ನ ಎರಡೂ ಕಿವಿ ತಿಂದು ಹಾಕಿದೆ. ನೀನು ಆ ಕಡೆಯಿಂದ ಕೂಗುವುದು, ಅದನ್ನೇ ನಿಮ್ಮವ್ವ ಭಾಗಮ್ಮ ಈ ಕಡೆ ತಿರುಗಿ ಕೂಗುವುದು, ಅಷ್ಟರಲ್ಲಿ ಓಣಿಗೆಲ್ಲ ನಮ್ಮ ಮನೆಯ ಸುದ್ದಿ ಗೊತ್ತಾಗುವುದು. ಪತ್ರವೇ ಸರಿ.

ಮೊನ್ನೆ ಬಸ್ ಸ್ಟ್ಯಾಂಡಿನಲ್ಲಿ ನಮ್ಮೂರ ಸಿದ್ದಲಿಂಗೇಶ ಸಿಕ್ಕಿದ್ದ. ನೀನು ವಾಡಿಯ ನನ್ನ ಹಳೆಯ ಖಣಿಯಲ್ಲೇ ಮೈನ್ ಸರ್ವೇಯರ್ ಆಗಿ ಸೇರಿದ್ದು ಅವನಿಗೆ ಯಾರೋ ಹೇಳಿದ್ದಾರೆ. ನನ್ನ ಕಿವಿಗೆ ಬಾಯಿ ಹಚ್ಚಿ, "ಹೆಣ್ಣುಮಗಳು ಖಣ್ಯಾಗ ಏನ್ ಮಾಡ್ತಾಳ್ರಿ?" ಎಂದು ಕೇಳಿದ. "ನಾ ಏನ್ ಮಾಡ್ತಿದ್ದೆ ಅದನ್ನ ಮಾಡ್ತಾಳ. ನನಗಿಂತ ಚಲೋ ಮಾಡ್ತಾಳ" ಎಂದೆ. ಅವನು ಚಹಾ ಕುಡಿಸಿದ.

ನೀನು ಪರೀಕ್ಷೆ ಬರೆದದ್ದು ಕ್ಯಾಲ್ಕುಲೇಟರ್ ಹಿಡಿದು. ನಾನು ಬರೆದದ್ದು ಲಾಗ್ ಟೇಬಲ್ ಹಿಡಿದು. ಕಲಬುರಗಿಯಲ್ಲಿ ಡಿಪ್ಲೊಮಾ ಓದುವಾಗ ಒಂದು ಗುಣಾಕಾರಕ್ಕೆ ಪುಟ ತಿರುವಿ, ಸಾಲು ಹುಡುಕಿ, ಅಂಚಿನ ಸಣ್ಣ ಅಂಕಿ ಕೂಡಿಸಿ, ಮತ್ತೆ ಹಿಂದಿನ ಪುಟಗಳಿಗೆ ಹೋಗಿ ಉತ್ತರ ತೆಗೆಯಬೇಕಿತ್ತು. ಕೆಲಸಕ್ಕೆ ಸೇರಿದಾಗ ನಮ್ಮ ದೊಡ್ಡ ಸರ್ವೇಯರ್ ಕೈಯಲ್ಲಿ ಸ್ಲೈಡ್ ರೂಲ್ ಇತ್ತು. ಪಟ್ಟಿ ಸರಿಸಿದರೆ ಮೂರು ಅಂಕಿ ಕೊಡುತ್ತಿತ್ತು. ದಶಾಂಶದ ಚುಕ್ಕಿ ಎಲ್ಲಿಡಬೇಕು ಎನ್ನುವುದನ್ನು ನಮ್ಮ ತಲೆಗೇ ಬಿಡುತ್ತಿತ್ತು.

1983ರಲ್ಲಿ ಸಿಮೆಂಟಿನ ಭಟ್ಟಿ ಕೂಡಿಸಲು ಬಂದ ಇಂಜಿನಿಯರ್ ಒಬ್ಬರ ಅಂಗಿಯ ಕಿಸೆಯಲ್ಲಿ ಅಮೆರಿಕದ ಕ್ಯಾಲ್ಕುಲೇಟರ್ ಇತ್ತು. ಕಿಸೆಯಲ್ಲಿ ಹಿಡಿಸುವ, ಸೈನ್ ಕೊಸೈನ್ ಬಲ್ಲ ಮೊದಲ ಯಂತ್ರ ಅಲ್ಲಿ ಬಂದದ್ದು 1972ರಲ್ಲಿ. ಇದು ಅದರ ತಮ್ಮ ಇರಬೇಕು. ಕೆಂಪು ಅಂಕಿ, ಬಿಸಿಲಿಗೆ ಹಿಡಿದರೆ ಕಾಣುತ್ತಿರಲಿಲ್ಲ. ಎರಡು ಮೂರು ಕೂಡಿಸಿ ತೋರಿಸು ಎಂದು ನನ್ನ ಕೈಗೆ ಕೊಟ್ಟರು. ಎರಡು ಒತ್ತಿದೆ, ಕೂಡುವ ಚಿಹ್ನೆ ಒತ್ತಿದೆ, ಮೂರು ಒತ್ತಿದೆ, ಸಮ ಚಿಹ್ನೆ ಹುಡುಕಿದೆ. ಅದರಲ್ಲಿ ಆ ಗುಂಡಿಯೇ ಇರಲಿಲ್ಲ. ಆ ಜಾತಿಯ ಯಂತ್ರಕ್ಕೆ ಎರಡೂ ಸಂಖ್ಯೆ ಮೊದಲು ಕೊಟ್ಟು, ಕೂಡು ಎಂದು ಕೊನೆಗೆ ಹೇಳಬೇಕಂತೆ. ಮಂದಿಯೆಲ್ಲ ನಕ್ಕರು. ನನ್ನದೇ ಒಂದು ಯಂತ್ರ ಇರಬೇಕು ಎಂದು ಅವತ್ತೇ ಹಟ ಹಿಡಿದೆ.

1985ರಲ್ಲಿ ಹೈದರಾಬಾದಿನಿಂದ ತಂದೆ. ಜಪಾನಿನದು, ಬೂದು ಗಾಜಿನ ಮೇಲೆ ಕಪ್ಪು ಅಂಕಿ, ಬಿಸಿಲಲ್ಲೂ ಕಾಣುವಂಥದ್ದು, ಎರಡು ಪೆನ್ಸಿಲ್ ಸೆಲ್ ಹಾಕಿದರೆ ವರ್ಷಗಟ್ಟಲೆ ಓಡುವಂಥದ್ದು. ಸೇಡಮದಿಂದ ಚಿತ್ತಾಪುರದವರೆಗೆ ಅಂಥದ್ದು ಇನ್ನೊಬ್ಬ ಸರ್ವೇಯರ್ ಹತ್ತಿರ ಇರಲಿಲ್ಲ. ನಿವೃತ್ತಿಯಾಗುವವರೆಗೆ ನನ್ನ ಲೆಕ್ಕ ಒಮ್ಮೆಯೂ ತಪ್ಪಿಲ್ಲ. ಒಂದೇ ಒಂದು ಸಲ ನಕ್ಷೆಯಲ್ಲಿ ತಪ್ಪು ಬಂತು. ಅದು ನನ್ನದಲ್ಲ, ಅಳತೆಯ ಸರಪಳಿ ಎಳೆಯುವವನದು.

ನೀನು ಒಂದು ವರ್ಷ ತಪ್ಪಿಲ್ಲದೆ ಕೆಲಸ ಮಾಡು, ಆ ಯಂತ್ರ ನಿನಗೆ. ಅಲ್ಲಿಯವರೆಗೆ ಅದು ನನ್ನ ಟ್ರಂಕಿನಲ್ಲೇ ಇರುತ್ತದೆ.

ನಿಮ್ಮಪ್ಪ,
ಅಂಬರಾಯ


ವಾಡಿ
2 ಜುಲೈ 2023

ಅಪ್ಪನಿಗೆ,

ಹವಾ: ಧೂಳು. ಉಪಕರಣ: ಮೇಸ್ತ್ರಿಯಿಂದ ಕಡ ತಂದ ಪೆನ್ನು. ಸಾಕಾ?

ಇಲ್ಲಿ ನನ್ನನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. "ಅಂಬರಾಯ ಸಾಹೇಬ್ರ ಮಗಳು ಬಂದ್ರು, ಕುಂದ್ರಿ ಅಕ್ಕಾರ" ಎನ್ನುತ್ತಾರೆ. ಹಳೆಯ ಡ್ರೈವರ್ ಒಬ್ಬರು ನನ್ನ ಕ್ಯಾಲ್ಕುಲೇಟರ್ ನೋಡಿ, "ನಿಮ್ಮಪ್ಪರ ಕೈಯಾಗ ಇದ್ದದ್ದು ಇದಕ್ಕಿಂತ ದಪ್ಪ ಇತ್ರಿ" ಎಂದರು. ನನಗೆ ಭಾಳ ಹೆಮ್ಮೆ ಆಯಿತು, ಅಪ್ಪ. ಮನೆಯಲ್ಲಿ ಇದನ್ನು ಹೇಳಿದರೆ ನೀವು ಕಿವಿ ಕೇಳಲಿಲ್ಲ ಎಂದು ನಟಿಸುತ್ತೀರಿ, ಅದಕ್ಕೇ ಬರೆದಿದ್ದೇನೆ.

ನನ್ನ ಕ್ಯಾಲ್ಕುಲೇಟರ್ ನಿಮಗೆ ಹಿಡಿಸುವುದಿಲ್ಲ. ಭಿನ್ನರಾಶಿಯನ್ನು ಪುಸ್ತಕದಲ್ಲಿದ್ದ ಹಾಗೆ ಮೇಲೆ ಕೆಳಗೆ ಬರೆದು ತೋರಿಸುತ್ತದೆ. ಡಿಗ್ರಿ, ಮಿನಿಟು, ಸೆಕೆಂಡಿಗೆ ಒಂದೇ ಗುಂಡಿ. ನೆತ್ತಿಯ ಮೇಲೆ ಬಿಸಿಲು ಕುಡಿಯುವ ಪಟ್ಟಿ ಇದೆ, ನಮ್ಮ ಕಡೆಯ ಬಿಸಿಲಿಗೆ ಅದು ಸಾಯುವ ಮಾತೇ ಇಲ್ಲ. ಆದರೂ ತರಬೇತಿಯಲ್ಲಿ ನಮಗೆ ಒಂದು ರೂಢಿ ಹಾಕಿದ್ದಾರೆ. ಪ್ರತಿ ಲೆಕ್ಕದ ಮೊದಲು ಸೈನ್ ಮೂವತ್ತು ಒತ್ತಬೇಕು. ಅರ್ಧ ಎಂದು ಬಂದರೆ ಯಂತ್ರ ಕೋನವನ್ನು ಡಿಗ್ರಿಯಲ್ಲೇ ಓದುತ್ತಿದೆ, ಮುಂದುವರಿಯಬಹುದು. ಬೇರೆ ಏನು ಬಂದರೂ ನಿಲ್ಲಬೇಕು. ನೀವೂ ಹಾಗೆ ಮಾಡುತ್ತಿದ್ದಿರಾ?

ಈಗ ಕೆಲಸದ ಮಾತು. ಖಣಿಯ ಹಳೆಯ ಗಡಿಯನ್ನು ಹೊಸದಾಗಿ ಅಳೆದು ಅಕ್ಟೋಬರ್ ಕೊನೆಗೆ ವರದಿ ಕೊಡಲು ನನಗೇ ಹೇಳಿದ್ದಾರೆ. 1987ರ ಜನವರಿಯಲ್ಲಿ ನೀವು ಅಳೆದ ಗಡಿ. ಏಳು ಗಡಿಕಲ್ಲು, ಕಲ್ಲಿನಿಂದ ಕಲ್ಲಿಗೆ ಏಳು ಗೆರೆ. ರೆಕಾರ್ಡ್ ಕೋಣೆಯಲ್ಲಿ ನಿಮ್ಮ ಫೀಲ್ಡ್ ಬುಕ್ಕು, ರಿಜಿಸ್ಟರು ಎರಡೂ ಸಿಕ್ಕವು. ಏಳನೆಯ ಗೆರೆಯ ಎದುರು ಕೆಂಪು ಶಾಯಿಯಲ್ಲಿ ನೀವು ಬರೆದಿದ್ದೀರಿ: "ದೋಷ ಐದು ಮೀಟರ್. ಸರಪಳಿಯವನ ಎಣಿಕೆ ತಪ್ಪು. ಅ. ಕರೀಮ್." ನನ್ನ ವರದಿಯಲ್ಲಿ ಹಳೆಯ ದೋಷ ಮತ್ತು ಅದರ ಕಾರಣ ಎಂದು ಒಂದು ಕಾಲಂ ಇದೆ. ಬರೆಯುವ ಮೊದಲು ಕೇಳುತ್ತಿದ್ದೇನೆ. ಈ ಕರೀಮ್ ಯಾರು? ಮನೆಯಲ್ಲಿ ಈ ಹೆಸರು ಒಮ್ಮೆಯೂ ಕೇಳಿಲ್ಲ.

ನಿಮ್ಮ
ರಾಜಿ


ಸುಲೇಪೇಟ
10 ಜುಲೈ 2023
ಹವಾ: ತುಂತುರು. ಉಪಕರಣ: ಅದೇ.

ರಾಜೇಶ್ವರಿ,

ಸೈನ್ ಮೂವತ್ತು ಒತ್ತಿ ನೋಡುವುದು ಹೊಸಬರಿಗೆ. ನನ್ನ ಯಂತ್ರ ಹಚ್ಚಿದ ಕೂಡಲೇ ತಾನಾಗಿ ಡಿಗ್ರಿಗೆ ಬಂದು ನಿಲ್ಲುತ್ತದೆ.

ಅಬ್ದುಲ್ ಕರೀಮ್ ಶಹಾಬಾದಿನವನು. ಆರು ವರ್ಷ ನನ್ನ ಸರಪಳಿ ಹಿಡಿದ. ನೀನು ಸರಪಳಿ ಕಂಡವಳಲ್ಲ. ಇಪ್ಪತ್ತು ಮೀಟರ್ ಉದ್ದದ ಕಬ್ಬಿಣದ್ದು, ಐದೈದು ಮೀಟರಿಗೆ ಒಂದು ಹಿತ್ತಾಳೆ ಬಿಲ್ಲೆ ಜೋತುಬಿದ್ದಿರುತ್ತದೆ. ಮುಂದಿನವನು ಎಳೆದುಕೊಂಡು ಹೋಗಿ, ಬಿಗಿಮಾಡಿ, ಕಡ್ಡಿ ನೆಟ್ಟು, "ಪೂರಾ" ಎಂದು ಕೂಗಬೇಕು. ಹಿಂದೆ ನಿಂತ ಸರ್ವೇಯರ್ ತಿರುಗಿ "ಪೂರಾ" ಎನ್ನಬೇಕು. ಆಮೇಲೆಯೇ ಬರೆಯುವುದು. ಒಬ್ಬ ಕೂಗಿ ಇನ್ನೊಬ್ಬ ಕೂಗದಿದ್ದರೆ ಆ ಸರಪಳಿ ಲೆಕ್ಕಕ್ಕಿಲ್ಲ. ಇದು ನಮ್ಮಿಬ್ಬರ ಪದ್ಧತಿ. ಕರೀಮನ ಕೂಗು ಖಣಿಯ ಆ ದಂಡೆಗೆ ಕೇಳುತ್ತಿತ್ತು. ನಾವು ಒಂದೇ ಡಬ್ಬಿಯಲ್ಲಿ ಉಂಡವರು. ನಮ್ಮವ್ವ ಕೊಟ್ಟ ರೊಟ್ಟಿ, ಅವನ ಮನೆಯ ಖಾರಬ್ಯಾಳಿ. ಖಣಿಯೊಳಗೆ ನಾನು ಸಾಹೇಬ್ರು, ಡಬ್ಬಿ ಬಿಚ್ಚಿದ ಮೇಲೆ ಅಂಬಣ್ಣ.

ಆ ದಿನ ಮಧ್ಯಾಹ್ನ ಏಳೂ ಗೆರೆ ಮುಗಿಸಿ ಕಲ್ಲಿನ ಮೇಲೆ ಕೂತು ಲೆಕ್ಕ ಹಾಕಿದೆ. ಸುತ್ತಿ ಬಂದ ಗಡಿ ಮೊದಲ ಕಲ್ಲಿಗೇ ಬಂದು ಕೂಡಬೇಕು. ಐದು ಮೀಟರ್ ಚಿಲ್ಲರೆ ಆಚೆ ಹೋಯಿತು. ಐದು ಮೀಟರ್ ಎಂದರೆ ಏನು? ಒಂದು ಬಿಲ್ಲೆ. ಎಣಿಸುವವನು ಕೊನೆಯ ಗೆರೆಯಲ್ಲಿ ಒಂದು ಬಿಲ್ಲೆ ತಪ್ಪಿದ್ದಾನೆ. ಹತ್ತು ಮಂದಿಯ ಎದುರು ಬೈದೆ. ಅವನು, "ಸಾಹೇಬ್ರ, ನಾಕು ಪೂರಾ ಅಂದೀನಿ. ಮತ್ತೊಮ್ಮೆ ಎಳ್ಯೂಣ್ರಿ" ಎಂದ. ಮರುದಿನ ಹತ್ತು ಗಂಟೆಗೆ ದೊಡ್ಡ ಸಾಹೇಬರು ನಕ್ಷೆ ನೋಡಲು ಬರುವವರಿದ್ದರು. ಎಳೆಯಲಿಲ್ಲ. ಕೆಂಪು ಶಾಯಿಯಲ್ಲಿ ಬರೆದೆ. ಖಣಿಯವರು ಅವನನ್ನು ಸರ್ವೇಯಿಂದ ತೆಗೆದು ಕಲ್ಲು ಒಡೆಯುವ ಮಶೀನಿಗೆ ಹಾಕಿದರು. ಮೂರು ದಿನ ಬಂದ, ನಾಲ್ಕನೆಯ ದಿನ ಬರಲಿಲ್ಲ. ಆಮೇಲೆ ನಾವು ಭೇಟಿಯಾಗಿಲ್ಲ.

ಹಳಹಳಿ ಆಗಲಿಲ್ಲ ಎಂದಲ್ಲ. ಆದರೆ ಅಳತೆ ಅಳತೆಯೇ. ರಿಜಿಸ್ಟರಿನಲ್ಲಿ ಇದ್ದದ್ದನ್ನೇ ನಿನ್ನ ಕಾಲಂಗೆ ಇಳಿಸು, ವರದಿ ಮುಗಿಸು.

ಅಂಬರಾಯ


ವಾಡಿ
20 ಆಗಸ್ಟ್ 2023

ಅಪ್ಪನಿಗೆ,

ಈ ಪತ್ರವನ್ನು ನಾಲ್ಕು ಸಲ ಹರಿದು ಬರೆದಿದ್ದೇನೆ. ಹೋದ ವಾರ ಮನೆಗೆ ಬಂದಾಗಲೇ ಹೇಳಬಹುದಿತ್ತು. ಆದರೆ ನಿಮ್ಮ ಎದುರು ಕೂತರೆ ಕೂಗಿ ಹೇಳಬೇಕು, ಇದು ಕೂಗುವ ಮಾತಲ್ಲ.

ಏಳನೆಯ ಗೆರೆ ಅಳೆದೆ. ಎರಡೂ ಕಲ್ಲು ಇನ್ನೂ ಅಲ್ಲೇ ಇವೆ, ನಿಮ್ಮ ಉಳಿಯ ಗುರುತು ಸಹಿತ. ಈಗಿನ ಯಂತ್ರ ಬೆಳಕು ಬಿಟ್ಟು ಅಳೆಯುತ್ತದೆ. ಎಂಬತ್ತು ಮೀಟರ್ ನಾಲ್ಕು ಮಿಲಿಮೀಟರ್ ಬಂತು. ನಿಮ್ಮ ಫೀಲ್ಡ್ ಬುಕ್ಕಿನಲ್ಲಿ ಎಂಬತ್ತು ಮೀಟರ್, ನಾಲ್ಕು ಸರಪಳಿ ಎಂದಿದೆ. ಕರೀಮ್ ಚಾಚಾ ಎಣಿಸಿದ್ದು ಸರಿ ಇತ್ತು.

ನಿಮ್ಮ ಕೋನವೂ ಸರಿ ಇತ್ತು. ಉತ್ತರದಿಂದ ಪೂರ್ವಕ್ಕೆ ಮೂವತ್ತೇಳೂವರೆ ಡಿಗ್ರಿ. ಇವತ್ತಿಗೂ ಅಷ್ಟೇ ಬರುತ್ತದೆ. ಹಾಗಾದರೆ ಐದು ಮೀಟರ್ ಎಲ್ಲಿಂದ ಬಂತು ಎಂದು ಕೂತೆ. ನಾನು ಹತ್ತನೆಯ ಇಯತ್ತೆಯಲ್ಲಿದ್ದಾಗ ಅಂಗಳದಲ್ಲಿ ಜೋಳದ ದಂಟು ಹಾಸಿ ನೀವೇ ಕಲಿಸಿದ್ದು: ಉದ್ದ ತಪ್ಪಿದರೆ ದೋಷ ಗೆರೆಯ ಉದ್ದಕ್ಕೆ ಬೀಳುತ್ತದೆ, ದಿಕ್ಕು ತಪ್ಪಿದರೆ ಅಡ್ಡಕ್ಕೆ ಬೀಳುತ್ತದೆ. ನಿಮ್ಮ ಐದು ಮೀಟರ್ ಅಡ್ಡಕ್ಕೆ ಬಿದ್ದಿದೆ. ಬಿಲ್ಲೆ ತಪ್ಪಿದ್ದರೆ ಅದು ಎಂದೂ ಅಡ್ಡಕ್ಕೆ ಬೀಳುತ್ತಿರಲಿಲ್ಲ.

ರಿಜಿಸ್ಟರಿನಲ್ಲಿ ಈ ಗೆರೆ ಪೂರ್ವಕ್ಕೆ 44.446 ಮೀಟರ್, ಉತ್ತರಕ್ಕೆ 66.518 ಮೀಟರ್ ಸರಿಯುತ್ತದೆ ಎಂದು ನಿಮ್ಮ ಕೈಬರಹದಲ್ಲಿದೆ. ಬರಬೇಕಾದದ್ದು 48.701 ಮತ್ತು 63.468. ನಿಮ್ಮ ಅಂಕಿ ಯಾವ ಕೋನಕ್ಕೆ ಬರುತ್ತದೆ ಎಂದು ಹಿಂದಿನಿಂದ ತೆಗೆದೆ. ಮೂವತ್ಮೂರು ಮುಕ್ಕಾಲು ಡಿಗ್ರಿ. ಮೂವತ್ತೇಳೂವರೆಯ ಹತ್ತರಲ್ಲಿ ಒಂಬತ್ತು ಪಾಲು, ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲ.

ಕ್ಯಾಲ್ಕುಲೇಟರಿನಲ್ಲಿ ಡಿಗ್ರಿ, ರೇಡಿಯನ್ ಬಿಟ್ಟು ಮೂರನೆಯದೊಂದು ಅಳತೆ ಇದೆ, ಗ್ರೇಡ್. ವೃತ್ತವನ್ನು ಮುನ್ನೂರ ಅರವತ್ತರ ಬದಲು ನಾನೂರು ಪಾಲು ಮಾಡುವುದು. ಫ್ರಾನ್ಸಿನ ಸರ್ವೇಯರುಗಳು ಬಳಸುತ್ತಾರೆ, ನಮ್ಮ ಕಡೆ ಅದನ್ನು ಕೇಳುವವರಿಲ್ಲ. ಆದರೆ ಗುಂಡಿ ಎಲ್ಲ ಯಂತ್ರದಲ್ಲೂ ಇದೆ. ನಾನೂರರಲ್ಲಿ ಮುನ್ನೂರ ಅರವತ್ತು ಎಂದರೆ ಹತ್ತರಲ್ಲಿ ಒಂಬತ್ತು. ಯಂತ್ರ ಗ್ರೇಡಿನಲ್ಲಿದ್ದಾಗ ಮೂವತ್ತೇಳೂವರೆ ಕೊಟ್ಟರೆ ಅದನ್ನು ಮೂವತ್ಮೂರು ಮುಕ್ಕಾಲು ಡಿಗ್ರಿ ಎಂದೇ ಓದುತ್ತದೆ. ನಿಮ್ಮ ಮಾದರಿಯ ಚಿತ್ರ ಹುಡುಕಿ ನೋಡಿದೆ. ಗಾಜಿನ ಕೆಳಗೆ ಬರೆದಿದೆ: ಮೋಡ್ ಗುಂಡಿ ಒತ್ತಿ ನಾಲ್ಕು ಒತ್ತಿದರೆ ಡಿಗ್ರಿ, ಐದು ರೇಡಿಯನ್, ಆರು ಗ್ರೇಡ್, ಏಳು ದಶಾಂಶ ಎಷ್ಟು ಅಂಕಿ ಬೇಕು ಎನ್ನುವುದು.

ಟ್ರಂಕಿನಿಂದ ಯಂತ್ರ ತೆಗೆಯಿರಿ, ಅಪ್ಪ. ಮೋಡ್ ಆರು ಒತ್ತಿ, ಆ ಗೆರೆಯ ಲೆಕ್ಕ ಒಮ್ಮೆ ಹಾಕಿ.

ಕರೀಮ್ ಚಾಚಾ ಶಹಾಬಾದಿನಲ್ಲೇ ಇದ್ದಾರಂತೆ, ನೆಲಕ್ಕೆ ಹಾಸುವ ಫರ್ಸಿ ಕಲ್ಲು ಮಾರುವ ಅಂಗಳದಲ್ಲಿ ಕೆಲಸವಂತೆ. ವರದಿಗೆ ಇನ್ನೂ ಎರಡು ತಿಂಗಳಿದೆ. ಕೆಂಪು ಶಾಯಿಯ ಮಾತನ್ನು ನಾನು ನಕಲು ಮಾಡುವುದಿಲ್ಲ. ನನ್ನ ರುಜುವಿನ ಮೇಲೆ ಅದು ಹೋಗುವುದಿಲ್ಲ.

ನಿಮ್ಮ
ರಾಜಿ


ಸುಲೇಪೇಟ
27 ಆಗಸ್ಟ್ 2023

ರಾಜೇಶ್ವರಿಗೆ,

ನೀನು ಹುಟ್ಟುವುದಕ್ಕೆ ಹತ್ತು ವರ್ಷ ಮೊದಲಿನ ಲೆಕ್ಕ ಅದು. ಮೂರು ತಿಂಗಳ ಸರ್ವೇಯರ್ ನನಗೆ ಗುಂಡಿ ಒತ್ತುವುದನ್ನು ಕಲಿಸಬೇಕಾಗಿಲ್ಲ. ಆ ಗೆರೆಯನ್ನು ನಾನು ಮೂರು ಸಲ ತಾಳೆ ನೋಡಿದ್ದೇನೆ. ಮೂರು ಸಲವೂ ಒಂದೇ ಉತ್ತರ ಬಂದಿದೆ.

ನಿನಗೆ ತಿಳಿದದ್ದನ್ನು ಬರೆದುಕೋ.

ಅಂಬರಾಯ


ಸುಲೇಪೇಟ
24 ಸಪ್ಟೆಂಬರ್

ರಾಜಿ,

ನಾ ನಿಮ್ಮವ್ವ. ನನ್ನ ಅಕ್ಷರ ನೋಡಿ ಗಾಬರಿ ಆಗಬ್ಯಾಡ, ಎಲ್ಲಾರೂ ಆರಾಮ ಅದೀವಿ.

ನೀ ಏನ್ ಬರದಿ ನನಗ ಗೊತ್ತಿಲ್ಲ. ನಿಮ್ಮಪ್ಪ ಆ ಪತ್ರ ಓದಿ ದಿಂಬಿನ ಬುಡಕ ಇಟ್ಗೊಂಡಾರ. ಹದಿನೈದು ದಿನ ಟ್ರಂಕಿನ ಕಡೆ ಹೊಳ್ಳಿ ನೋಡಲಿಲ್ಲ. ಆಮ್ಯಾಲ ಒಂದಿನ ಪ್ಯಾಟಿಗೆ ಹೋಗಿ ಎರಡು ಸೆಲ್ ತಂದರು. ಅವತ್ತಿನಿಂದ ಕಟ್ಟಿ ಮ್ಯಾಲ ಕುಂತು ಆ ಡಬ್ಬಿ ಒತ್ತಾಕತ್ಯಾರ. ಒತ್ತೋದು, ಆರಿಸೋದು, ಮತ್ತ ಹಚ್ಚೋದು. ರೊಟ್ಟಿ ತಣ್ಣಗಾಗಿ ಹೋಗ್ತಾವ. "ಏನದು?" ಅಂತ ಕೇಳಿದ್ರ ಕಿವಿ ಕೇಳಲಾರದಂಗ ಮಾಡ್ತಾರ. ಅವರಿಗೆ ಖರೇನ ಯಾವಾಗ ಕೇಳಂಗಿಲ್ಲ, ಸುಳ್ಳ ಯಾವಾಗ ಕೇಳಂಗಿಲ್ಲ, ನನಗ ಗೊತ್ತಿಲ್ಲೇನು?

ನಿನ್ನೆ ತಾವಾಗೇ ಕೇಳಿದರು. "ಭಾಗಾ, ನಮ್ಮ ಲಗ್ನಕ್ಕ ಕರೀಮ ಬಂದಿದ್ನೇನು?" ಬಂದಿದ್ರು, ಮಂಟಪದ ಕಂಬ ಅವರೇ ಅಳದು ನಿಲ್ಲಿಸಿದ್ರು ಅಂದೆ. ಮತ್ತ ಆ ಡಬ್ಬಿ ಕೈಗೆ ತಗೊಂಡರು.

ಸಿಟ್ಟು ಮಾಡಬ್ಯಾಡ. ಅವರು ಮೊಂಡ ಅದಾರ, ಕೆಟ್ಟವರಲ್ಲ.

ಅವ್ವ


ಸುಲೇಪೇಟ
8 ಅಕ್ಟೋಬರ್ 2023
ಹವಾ: ಬಿಸಿಲು, ನಿಚ್ಚಳ. ಉಪಕರಣ: ಕ್ಯಾಲ್ಕುಲೇಟರ್, 1985ರದ್ದು. ಸುಸ್ಥಿತಿಯಲ್ಲಿದೆ.

ರಾಜಿ,

44.446.

ನೀನು ಬರೆದ ಹಾಗೆ ಮೋಡ್ ಆರು ಒತ್ತಿದೆ. ಮೂವತ್ತೇಳೂವರೆ ಕೊಟ್ಟೆ, ಸೈನ್ ಒತ್ತಿದೆ, ಎಂಬತ್ತರಿಂದ ಗುಣಿಸಿದೆ. ಅದೇ ಅಂಕಿ ಗಾಜಿನಲ್ಲಿ ನಿಂತಿತು. ಆರಿಸಿ ಹಚ್ಚಿದೆ, ಡಿಗ್ರಿಗೆ ಬಂತು, 48.701 ಎಂದಿತು. ಹೀಗೆ ಎಷ್ಟು ಸಲ ಮಾಡಿದೆನೋ ಲೆಕ್ಕವಿಲ್ಲ. ಯಂತ್ರ ಕೆಟ್ಟಿರಲಿ ಎಂದು ಬೇಡಿಕೊಂಡು ಹೊಸ ಸೆಲ್ ಹಾಕಿದೆ. ಅದು ಕೆಟ್ಟಿಲ್ಲ. ಮೂವತ್ತೆಂಟು ವರ್ಷವಾದರೂ ಕೇಳಿದ್ದಕ್ಕೆ ಸರಿಯಾದ ಉತ್ತರ ಕೊಡುತ್ತದೆ. ನಾನು ಕೇಳಿದ್ದೇ ತಪ್ಪು.

ಈಗ ಪೂರ್ತಿ ನೆನಪಾಗುತ್ತಿದೆ. ಆರು ಗೆರೆಯ ಲೆಕ್ಕ ಮುಗಿದಿತ್ತು. ಗಾಜಿನ ತುಂಬ ದಶಾಂಶ ಬರುತ್ತಿತ್ತು, ದೊಡ್ಡ ಸಾಹೇಬರು ನೋಡುವ ಲೆಕ್ಕ, ಮೂರೇ ಅಂಕಿ ಚಂದ ಕಾಣಲಿ ಎಂದು ಮೋಡ್ ಏಳು ಒತ್ತಲು ಹೋದೆ. ಬೆರಳು ಆರರ ಮೇಲೆ ಬಿತ್ತು. ಗಾಜಿನ ತಲೆಯ ಮೇಲೆ ಸಾಸಿವೆ ಕಾಳಿನಷ್ಟು ಅಕ್ಷರದಲ್ಲಿ ಗ್ರೇಡ್ ಎಂದು ಬಂದಿರಬೇಕು. ಸುತ್ತಲೂ ಬಿಳಿ ಕಲ್ಲು, ಮಧ್ಯಾಹ್ನದ ಬಿಸಿಲು, ನೋಡಲಿಲ್ಲ. ಮೂರು ಸಲ ತಾಳೆ ನೋಡಿದ್ದು ನಿಜ. ಮೂರು ಸಲವೂ ಯಂತ್ರ ಆರಿಸದೆಯೇ ನೋಡಿದೆ. ಸಂಜೆ ಆರಿಸಿದೆ. ಬೆಳಿಗ್ಗೆ ಹಚ್ಚಿದಾಗ ಅದು ಡಿಗ್ರಿಗೆ ಬಂದಿತ್ತು. ಅವತ್ತು ಇನ್ನೊಮ್ಮೆ ಲೆಕ್ಕ ಹಾಕಿದ್ದರೆ ತಿಳಿಯುತ್ತಿತ್ತು. ಹಾಕಲಿಲ್ಲ. ಅಷ್ಟರಲ್ಲಿ ಕರೀಮನನ್ನು ಬೈದು ಮುಗಿಸಿದ್ದೆ, ಬೈದ ಮೇಲೆ ಲೆಕ್ಕ ಹಾಕುವ ಧೈರ್ಯ ಬರಲಿಲ್ಲ.

ದೋಷ ಅಡ್ಡಕ್ಕೆ ಬಿದ್ದಿದೆ ಎಂದು ಬರೆದಿದ್ದೀಯ. ಅದು ನನಗೂ ಕಾಣಬೇಕಿತ್ತು. ಕಂಡಿತ್ತೋ ಏನೋ, ಇಷ್ಟು ವರ್ಷದ ಮೇಲೆ ಹೇಳಲಾರೆ. ಆದರೆ ಇದೊಂದು ಹೇಳುತ್ತೇನೆ. ಅವನು ನಾಲ್ಕು ಸಲ ಪೂರಾ ಎಂದ. ನಾನೂ ನಾಲ್ಕು ಸಲ ತಿರುಗಿ ಕೂಗಿದ್ದೆ. ಆಗ ನನ್ನ ಕಿವಿ ಚೆನ್ನಾಗಿತ್ತು.

ನಿನ್ನ ಕಾಲಂನಲ್ಲಿ ಕಾರಣ ಹೀಗೆ ಬರೆ: ಸರ್ವೇಯರ್ ಅಂಬರಾಯ ಕ್ಯಾಲ್ಕುಲೇಟರಿನ ಮೋಡ್ ನೋಡದೆ ಲೆಕ್ಕ ಹಾಕಿದ್ದು. ಹೆಸರು ಬಿಡಬೇಡ. ಅಪ್ಪ ಎಂದು ಮೆತ್ತಗೆ ಮಾಡಬೇಡ.

ಸಿದ್ದಲಿಂಗೇಶನಿಗೆ ನನ್ನ ಮಗಳು ನನಗಿಂತ ಚಲೋ ಮಾಡುತ್ತಾಳೆ ಎಂದಿದ್ದೆ. ಅದು ಬಸ್ ಸ್ಟ್ಯಾಂಡಿನ ಮಾತು. ಈಗ ರಿಜಿಸ್ಟರಿನ ಮಾತಾಯಿತು. ನನ್ನ ತಪ್ಪನ್ನು ಹಿಡಿಯಲು ಮೂವತ್ತಾರು ವರ್ಷ ಯಾರಿಂದಲೂ ಆಗಲಿಲ್ಲ, ನನ್ನ ಮಗಳಿಂದ ಆಯಿತು. ನಾಚಿಕೆಯೂ ಇದೆ, ಅದಕ್ಕಿಂತ ಹೆಮ್ಮೆ ಹೆಚ್ಚಿದೆ. ನಗುವುದಾದರೆ ನಗು.

ಯಂತ್ರವನ್ನು ಈ ಪತ್ರದ ಜೊತೆ ಕಳಿಸುತ್ತಿಲ್ಲ. ಮೊದಲು ಅದನ್ನು ಶಹಾಬಾದಿಗೆ ಒಯ್ಯಬೇಕು. ನೀನು ಬರಬೇಡ. ಬೈದಾಗ ನಾನು ಒಬ್ಬನೇ ಬೈದದ್ದು.

ನಿಮ್ಮಪ್ಪ


ಶಹಾಬಾದ
22 ಅಕ್ಟೋಬರ್ 2023

ರಾಜೇಶ್ವರಿ ಬೇಟಿಗೆ,

ನಾ ಅಬ್ದುಲ್ ಕರೀಮ್. ಬರಿಯೋನು ನನ್ನ ಮಗ ಆಸಿಮ, ಸಾಲಿ ಮಾಸ್ತರ. ನನಗ ಓದಾಕ ಬರ್ತದ, ಬರಿಯೋ ರೂಢಿ ಇಲ್ಲ. ನಾ ಹೇಳಿದ್ದು ಹೇಳಿದಂಗ ಬರಿ, ತಿದ್ದಬ್ಯಾಡ ಅಂತ ಹೇಳಿ ಕುಂತೀನಿ.

ನಿಮ್ಮಪ್ಪರು ಬಂದಿದ್ದರವ್ವ. ನಾ ಅಂಗಳದಾಗ ಫರ್ಸಿ ಅಳ್ಯಾಕತ್ತಿದ್ದೆ. ಇಲ್ಲಿ ಮೂವತ್ತು ವರ್ಷ ಆತು ಅದೇ ನನ್ನ ಕೆಲಸ. ಲಾರಿ ತುಂಬೋ ಮುಂದ ಎರಡೂ ಕಡೆಯವರು ಅಳತಿ ಹಿಡೀತಾರ. ಆದ್ರ ಕರೀಮ್ ಚಾಚಾ ಅಳದಾನ ಅಂದ್ರ ಯಾರೂ ಎರಡನೇ ಸಲ ಟೇಪ್ ಬಿಚ್ಚಂಗಿಲ್ಲ. ವಾಡಿಯಿಂದ ಬರೋವಾಗ ನನ್ನ ಹಣಿಮ್ಯಾಲ ಏನು ಬರದು ಕಳಿಸಿದ್ರೋ ಅದನ್ನ ಅಳಸಲಿಕ್ಕ ಇಷ್ಟು ವರ್ಷ ಬೇಕಾತು.

ಗೇಟಿನ ಹತ್ರ ಒಬ್ಬ ಮುದುಕ ಕೈಯಾಗ ಡಬ್ಬಿ ಹಿಡ್ಕೊಂಡು ನಿಂತಿದ್ದ. ನಿಂತಿದ್ದ ಢಂಗ್ ನೋಡೇ ಗುರುತು ಹತ್ತಿತು. "ಈಗ ಯಾಕ ಬಂದ್ರಿ?" ಅಂದೆ. ಅವರಿಗೆ ಕೇಳಲಿಲ್ಲ. ಮತ್ತ ಅಂದೆ. ಕಿವಿ ತೋರಿಸಿದರು. ಹಂಗಾಗಿ ನಾ ಕೂಗಿ ಕೇಳಬೇಕಾತು, ಅವರೂ ಕೂಗೇ ಹೇಳಿದರು. "ಕರೀಮ, ನಿನ್ನ ಎಣಿಕಿ ಸರಿ ಇತ್ತು. ನನ್ನ ಲೆಕ್ಕ ತಪ್ಪಿತ್ತು." ಕಲ್ಲು ಕೊಯ್ಯೋ ಮಶೀನ್ ಬಂದ್ ಮಾಡಿ ಹಮಾಲರೆಲ್ಲ ನಿಂತು ಕೇಳಿದರು. ಅದು ಚಲೋನ ಆತು. ಅವತ್ತು ಬೈದದ್ದೂ ಮಂದಿ ಮುಂದನ ಇತ್ತಲ್ಲ.

ಆಮ್ಯಾಲ ಆ ಲೆಕ್ಕದ ಡಬ್ಬಿ ತೆಗದು ಒತ್ತಿ ತೋರಿಸಿದರು. ಆರು, ಏಳು, ಸೈನ್, ಕೊಸೈನ್. ನನಗ ತಿಳೀಲಿಲ್ಲ, ತಿಳದಂಗ ತಲಿ ಆಡಿಸಿದೆ. ನನಗ ಅದರ ಗರಜ್ ಇದ್ದಿಲ್ಲ ಬೇಟಿ. ನನ್ನ ಸರಪಳಿ ತಪ್ಪಿಲ್ಲ ಅಂತ ನನಗ ಮೊದಲಿನಿಂದ ಗೊತ್ತಿತ್ತು.

ಸಿಟ್ಟು ಪೂರಾ ಹೋತು ಅಂತ ಸುಳ್ಳು ಹೇಳಂಗಿಲ್ಲ. ಅರ್ಧ ಹೋಗ್ಯದ. ಅವರಿಗೂ ಹಂಗೇ ಹೇಳೀನಿ. "ಉಳಿದದ್ದಕ್ಕ ಮತ್ತ ಬರ್ತೀನಿ" ಅಂದರು.

ಹೋಗೋ ಮುಂದ ನಾನೇ ಟೇಪಿನ ಒಂದು ತುದಿ ಅವರ ಕೈಯಾಗ ಕೊಟ್ಟೆ. ಅಂಗಳದ ಗ್ವಾಡಿ ಇಂದ ಗ್ವಾಡಿಗೆ ಎಳದೆ, ಬಿಗಿಮಾಡಿ ಪೂರಾ ಅಂದೆ. ಅವರಿಗೆ ಕೇಳಂಗಿಲ್ಲ ಅಂಬೋದು ಮರತಿದ್ದೆ. ಸುಮ್ಮನ ನನ್ನ ಬಾಯಿ ನೋಡ್ಕೋತ ನಿಂತಿದ್ದರು. ನೋಡಿದವರೇ ಪೂರಾ ಅಂತ ಕೂಗಿದರು ನೋಡು, ರಸ್ತಾದ ಮ್ಯಾಲಿನ ಮಂದಿ ಹೊಳ್ಳಿ ನೋಡಿದರು. ನನ್ನ ಕಣ್ಣಾಗ ನೀರು ಬಂತು. ಆಸಿಮ ಇದು ಬರೀಲೇನು ಅಂತ ಕೇಳಾಕತ್ತಾನ. ಬರಿ ಅಂದೀನಿ.

ತಪ್ಪು ಹಿಡದಾಕಿ ನೀನೇ, ಹೊಸ ವರದಿ ಬರಿಯಾಕಿನೂ ನೀನೇ ಅಂತ ನಿಮ್ಮಪ್ಪರು ಹೇಳಿದರು, ಅದಕ್ಕ ನಿನ್ನಿಂದ ಒಂದು ಕೆಲಸ ಆಗಬೇಕು ಬೇಟಿ. ಖಣಿ ಬಿಟ್ಟು ಮನಿಗೆ ಬಂದ ದಿನ ನನ್ನ ಹೇಣ್ತಿ ಜೈಬುನ್ನೀಸಾ ಕೇಳಿದ್ದಳು, "ಖರೇ ಹೇಳ್ರಿ, ಎಣಸೋದು ತಪ್ಪಿದ್ರೇನು?" ಇಲ್ಲ ಅಂದೆ. ಹೂಂ ಅಂದಳು. ಆ ಹೂಂ ಪೂರಾ ಇದ್ದಿಲ್ಲ. ಇಷ್ಟು ವರ್ಷದಾಗ ಮತ್ತ ಕೇಳಿಲ್ಲ, ನಾನೂ ಹೇಳಿಲ್ಲ. ನಿಮ್ಮಪ್ಪ ಬಂದ ದಿನ ಆಕಿ ಮಗಳ ಊರಿಗೆ ಹೋಗಿದ್ದಳು. ನಾ ಬಾಯಿಲೇ ಹೇಳಿದ್ರ ಮತ್ತ ಅದೇ ಹೂಂ ಬರ್ತದ. ಆ ಕೆಂಪು ಶಾಯಿ ಇದ್ದಲ್ಲಿ ಈಗ ಏನು ಬರದೀರಿ, ಅದೊಂದು ಹಾಳಿ ಕಳಸು.

ಚಾಚಾ,
ಅಬ್ದುಲ್ ಕರೀಮ್


ವಾಡಿ
5 ನವೆಂಬರ್ 2023

ಕರೀಮ್ ಚಾಚಾ ಅವರಿಗೆ,

ನೀವು ಕೇಳಿದ ರಿಜಿಸ್ಟರಿನ ಹಾಳೆಯ ನಕಲು ಇದರ ಜೊತೆ ಇದೆ. ವರದಿಯನ್ನು ಮೇಲಿನವರು ಒಪ್ಪಿದ್ದಾರೆ. ದೊಡ್ಡ ಸರ್ವೇಯರ್ ಓದಿ, "ನಿಮ್ಮಪ್ಪರ ಹೆಸರು ಹಾಕಲೇಬೇಕೇನ್ರಿ?" ಎಂದರು. ಅಪ್ಪನ ಪತ್ರ ತೋರಿಸಿದೆ. ಓದಿ ರುಜು ಹಾಕಿದರು.

ಹಳೆಯ ರಿಜಿಸ್ಟರಿನಲ್ಲಿ ಬರೆದದ್ದನ್ನು ಅಳಿಸುವಂತಿಲ್ಲ, ಕೆಳಗೆ ಬರೆದು ರುಜು ಮಾಡಬಹುದು. ಅದಕ್ಕೆಂದೇ ಅಪ್ಪ ಸುಲೇಪೇಟದಿಂದ ಮೂರು ಬಸ್ ಬದಲಿಸಿ ಬಂದರು. ಕೆಂಪು ಪೆನ್ನು ತಾವೇ ತಂದಿದ್ದರು. ಮೊದಲು ಬೇರೆ ಕಾಗದದ ಮೇಲೆ ಎರಡು ಸಲ ಬರೆದು ನೋಡಿಕೊಂಡರು. ಹೋಗುವಾಗ ಕ್ಯಾಲ್ಕುಲೇಟರನ್ನು ನನ್ನ ಮೇಜಿನ ಮೇಲೆ ಇಟ್ಟರು. "ವರ್ಷ ಆಗಿಲ್ಲಪ್ಪಾ" ಎಂದು ಕೂಗಿದೆ. ಕೇಳಿಸದವರ ಹಾಗೆ ಹೊರಟುಹೋದರು. ಆನ್ ಮಾಡಿ ಸೈನ್ ಮೂವತ್ತು ಒತ್ತಿದೆ, ಅರ್ಧ ಎಂದು ಬಂತು.

ಹಾಳೆಯನ್ನು ಆಸಿಮಣ್ಣ ಓದುವುದು ಬೇಡ. ಜೈಬುನ್ನೀಸಾ ಚಾಚಿಯ ಎದುರು ಕೂತು ನೀವೇ ಓದಿರಿ. ಅಪ್ಪ ಬರೆದದ್ದು ಎರಡೇ ಸಾಲು:

"ಏಳನೆಯ ಗೆರೆ. ಸರಪಳಿ ಹಿಡಿದವರು ಅಬ್ದುಲ್ ಕರೀಮ್.
ನಾಲ್ಕು ಪೂರಾ. ಅಳತೆ ಸರಿ."

ನಿಮ್ಮ ಮಗಳು,
ರಾಜೇಶ್ವರಿ ಅಂಬರಾಯ
ಸರ್ವೇಯರ್